ಪೆನ್ಸಿಲಿನಲ್ಲಿ ಬರೆದ ಮೂರು ಸಾಲು

ಮೊನ್ನೆ ಹೈದರಾಬಾದಿನ ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೋ ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿಸಿ ಹೋಗಿದ್ದರು. ಈಗ ಇಂಥದಕ್ಕೆಲ್ಲ ಟೇಪು ಬಳಸುತ್ತಾರೆ. ಈ ಮಹಾನುಭಾವ ಮಾತ್ರ ಮೈದಾ ಕುದಿಸಿ, ಮೈಲುತುತ್ತ ಬೆರೆಸಿ, ಹಳೆಯ ಪದ್ಧತಿಯ ಅಂಟನ್ನೇ ಬಳಿದಿದ್ದ. ಬಾಗಿಲು ಮುಚ್ಚಿದೊಡನೆ ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಏಳನೆಯ ಮಹಡಿ ಬರುವವರೆಗೂ ಆಸೆಯಿಂದ ಉಸಿರು ಎಳೆದುಕೊಳ್ಳುತ್ತಿದ್ದೆ. ನಿಮಗೆ ವಿಚಿತ್ರವೆನ್ನಿಸಬಹುದು. ಆದರೆ ನನ್ನ ಪಾಲಿಗೆ ಆ ವಾಸನೆಯಲ್ಲಿ ಈರಭದ್ರಪ್ಪ ಕಾಕಾ ಇದ್ದಾರೆ, ನಾನು ಅವರಿಗೆ ಮಾಡಿದ ಒಂದು ಅನ್ಯಾಯವೂ ಇದೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಾನು ಹಳೆಯ ಕನ್ನಡ ಚಿತ್ರಕತೆಗಳನ್ನು, ಅಂದರೆ ಕಾಮಿಕ್ಸ್ ಪುಸ್ತಕಗಳನ್ನು, ಕೂಡಿಡುವವಳು. ನಮ್ಮಪ್ಪ ಬೀದರ್ ಕಡೆಯವರು, ಹೈದರಾಬಾದಿನಲ್ಲಿ ಸರಕಾರಿ ನೌಕರಿ. ಕಾಚಿಗುಡದ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಅಪ್ಪನ ಗೆಳೆಯರು ಬಂದರೆ ಉರ್ದು. ಶಾಲೆಯಲ್ಲಿ ಕನ್ನಡ ಕಲಿಸುವವರಿರಲಿಲ್ಲ. ಬೀದರಿನಿಂದ ಸೋದರತ್ತೆ ಕಳಿಸುತ್ತಿದ್ದ ಚಿತ್ರಕತೆಗಳಲ್ಲಿ, ಪಾತ್ರಗಳ ತಲೆಯ ಮೇಲೆ ತೇಲುವ ಮಾತಿನ ಗುಳ್ಳೆಗಳನ್ನು ಕೂಡಿಸಿ ಕೂಡಿಸಿ ನಾನು ಕನ್ನಡ ಓದಲು ಕಲಿತೆ. ಹಾಗಾಗಿಯೋ ಏನೋ, ಇವತ್ತಿಗೂ ಆಶ್ಚರ್ಯಸೂಚಕ ಚಿಹ್ನೆಯಿಲ್ಲದ ಕನ್ನಡ ವಾಕ್ಯ ನನಗೆ ಸ್ವಲ್ಪ ಸಪ್ಪೆ.

ಬೆಳೆದು ನಾನೂ ಸಾಫ್ಟ್‌ವೇರ್ ಕಂಪನಿ ಸೇರಿದೆ. ಕಂಪನಿಗಳು ಮಳೆಗಾಲದ ಅಣಬೆಯಂತೆ ಏಳುತ್ತಿದ್ದ ವರ್ಷಗಳವು. ಬಂಡೆಗಲ್ಲುಗಳ ನಡುವೆ ಗಾಜಿನ ಕಟ್ಟಡಗಳು ಬಂದವು, ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹುಡುಗರೂ ಹುಡುಗಿಯರೂ ಬಂದರು. ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಅವರಲ್ಲಿ ಕೆಲವರಿಗೆ ಬಾಲ್ಯವನ್ನು ಕೊಂಡುಕೊಳ್ಳುವ ಆಸೆ ಹುಟ್ಟಿತು. ಹೀಗೆ ಎಂಟು ಹತ್ತು ಜನ ಕನ್ನಡದವರು ಪ್ರತಿ ಭಾನುವಾರ ಬೆಳಿಗ್ಗೆ ಕೋಠಿಯ ಒಂದು ಇರಾನಿ ಹೋಟೆಲಿನಲ್ಲಿ ಸೇರುತ್ತಿದ್ದೆವು. ಚಹಾ ಕುಡಿಯುತ್ತ, ಹಳೆಯ ಚಿತ್ರಕತೆಗಳನ್ನು ಮಾರುತ್ತ, ಕೊಳ್ಳುತ್ತ, ಅದಲುಬದಲು ಮಾಡುತ್ತ ಮಧ್ಯಾಹ್ನ ಮಾಡುತ್ತಿದ್ದೆವು. ನಿವೃತ್ತ ರಸಾಯನಶಾಸ್ತ್ರದ ಮಾಸ್ತರರಾದ ಜೋಶಿ ಸರ್ ನಮ್ಮಲ್ಲಿ ಹಿರಿಯರು. ಅವರ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತಿತ್ತು. ಪುತ್ತೂರಿನ ಸದಾನಂದ ನನ್ನ ಕಂಪನಿಯವನೇ. ಮಾತು ಕಡಿಮೆ, ನಗು ಹೆಚ್ಚು.

ಒಂದು ಭಾನುವಾರ ಕೋಠಿಯ ಫುಟ್‌ಪಾತಿನಲ್ಲಿ, ರದ್ದಿ ಗಂಟೊಂದರಲ್ಲಿ, ನನಗೆ ‘ದೋಣಿ ದೇವಕಿ’ಯ ಮೊದಲ ಸಂಚಿಕೆ ಸಿಕ್ಕಿತು. ಕಳ್ಳಸಾಗಣೆದಾರರನ್ನು ದೋಣಿಯಲ್ಲಿ ಬೆನ್ನಟ್ಟಿ ಹಿಡಿಯುವ ಕೆಂಪು ಸೀರೆಯ ದೇವಕಿ ನಮ್ಮ ಗುಂಪಿನವರಿಗೆಲ್ಲ ಆರಾಧ್ಯದೇವತೆ. ಆದರೆ ಅವಳ ಮೊದಲ ಸಂಚಿಕೆಯನ್ನು ಕಣ್ಣಿನಿಂದ ಕಂಡವರೇ ಇರಲಿಲ್ಲ. ಸಿಕ್ಕಿದ್ದೇನೋ ಸಿಕ್ಕಿತು, ಅವಸ್ಥೆ ಮಾತ್ರ ಕರುಣಾಜನಕ. ಪುಸ್ತಕದ ಬೆನ್ನು ಸೀಳಿತ್ತು, ಪಿನ್ನು ತುಕ್ಕು ಹಿಡಿದಿತ್ತು, ಮುಖಪುಟದ ಮೇಲಿನ ಮೂಲೆಯನ್ನು ಇಲಿ ತಿಂದಿತ್ತು. ದೇವಕಿಯ ಸೀರೆ ಬಿಸಿಲಿಗೆ ಬಿಳಿಚಿ ಬೇಸನ್ ಲಾಡುವಿನ ಬಣ್ಣಕ್ಕೆ ಬಂದಿತ್ತು.

ಅದನ್ನು ಹಿಡಿದುಕೊಂಡು ಈರಭದ್ರಪ್ಪ ಕಾಕಾನ ಹತ್ತಿರ ಹೋದೆ. ಕಾಕಾ ಅಪ್ಪನ ಊರಿನ ಕಡೆಯವರು. ಸರಕಾರಿ ಕಚೇರಿಯೊಂದರಲ್ಲಿ ಬೈಂಡರ್ ಆಗಿದ್ದು ನಿವೃತ್ತರಾಗಿ, ಕೋಠಿಯ ಗಲ್ಲಿಯಲ್ಲಿ ಒಂದು ಬಾಗಿಲಿನ ಅಂಗಡಿ ಹಾಕಿಕೊಂಡಿದ್ದರು. ರಿಜಿಸ್ಟರುಗಳಿಗೆ ಕುದಿಸಿದ ಮೈದಾ ಅಂಟಿನ ವಾಸನೆ ಗಲ್ಲಿಯ ತಿರುವಿಗೇ ಬಂದು ಎದುರುಗೊಳ್ಳುತ್ತಿತ್ತು. ದೇವಕಿಗೆ ಮಾತ್ರ ಅವರು ಬೇರೆಯಾಗಿ ಅಕ್ಕಿ ಗಂಜಿ ಕಾಯಿಸಿ ಸೋಸಿದರು. ಹಳೆಯ ರಿಜಿಸ್ಟರಿನ ಖಾಲಿ ಹಾಳೆಯಿಂದ ಮೂಲೆಗೆ ತೇಪೆ ಕತ್ತರಿಸಿದರು, ಅಂಚನ್ನು ಉಗುರಿನಿಂದ ತೆಳ್ಳಗೆ ಮಾಡಿ ಕೂಡಿಸಿದರು. ಮೂರು ಕೂದಲಿನ ಕುಂಚದಿಂದ ಸೀರೆಗೆ ಕೆಂಪು ಕೊಟ್ಟರು. ಮೂರು ವಾರ ಹಿಡಿಯಿತು. ಕೈಗೆ ಬಂದಾಗ ದೇವಕಿ ಈಗಷ್ಟೇ ಪ್ರೆಸ್ಸಿನಿಂದ ಇಳಿದವಳಂತೆ ಇದ್ದಳು.

ಹಿಂಬದಿಯ ರಟ್ಟಿನ ಒಳಗಡೆ, ಕೆಳಗೆ, ಪೆನ್ಸಿಲಿನಲ್ಲಿ ಸಾಸಿವೆಯಂಥ ಅಕ್ಷರಗಳಿದ್ದವು: ‘ಬೆನ್ನಿಗೆ ಕಾಗದ ಹಚ್ಚೇನಿ. ಮ್ಯಾಲಿನ ಮೂಲಿ ಹೊಸಾದು. ಸೀರಿಗೆ ಬಣ್ಣ ಕೊಟ್ಟೇನಿ.’ ಅದರ ಕೆಳಗೆ ಸಹಿಯ ಜಾಗದಲ್ಲಿ ಒಂದೇ ಅಕ್ಷರ, ‘ಈ’.

“ಕಾಕಾ, ಇದು ಬರೀಲೇಬೇಕೇನ್ರಿ?” ಎಂದೆ.

“ಬರೀಬೇಕವ್ವಾ. ದಫ್ತರದಾಗ ಇದ್ದಾಗೂ ಬರೀತಿದ್ದೆ. ಒಂದು ಹಾಳಿ ಹೊಸಾದು ಕೂಡಿಸಿದ್ರ ಕೂಡಿಸೇನಂತ ಬರೀಬೇಕು. ಇಲ್ಲಂದ್ರ ಮುಂದ ಬಂದಾಂವ ಅದನ್ನ ಹಳೇದಂತ ನಂಬ್ತಾನ.”

ನಮ್ಮ ಊರಿನಲ್ಲಿ ರಫೂಗಾರರಿದ್ದಾರೆ, ನೋಡಿರಬೇಕು ನೀವು. ರೇಷ್ಮೆ ಸೀರೆ ಮೊಳೆಗೆ ಸಿಕ್ಕಿ ಹರಿದರೆ, ಅದೇ ಸೀರೆಯ ಎಳೆ ತೆಗೆದು, ಹರಿದದ್ದೆಲ್ಲಿ ಎಂದು ಉಟ್ಟವಳಿಗೇ ಮರೆತುಹೋಗುವಂತೆ ನೇಯ್ದುಬಿಡುತ್ತಾರೆ. ನಮ್ಮವ್ವ ಅಂಥ ಸೀರೆ ಉಟ್ಟುಕೊಂಡು ಹತ್ತು ಮದುವೆಗೆ ಹೋಗಿ ಬಂದಳು. ಯಾರಿಗೂ ಹೇಳಬೇಕಾದ ಪ್ರಮೇಯವಿರಲಿಲ್ಲ, ಏಕೆಂದರೆ ಅವಳು ಅದನ್ನು ಯಾರಿಗೂ ಮಾರಲಿಲ್ಲ. ಈ ವ್ಯತ್ಯಾಸ ಈಗ ನನಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಆಗಲೂ ಸ್ಪಷ್ಟವಾಗಿಯೇ ಇತ್ತು, ಸುಮ್ಮನೆ ನೆಪ ಹೇಳಬಾರದು.

ಒಂದು ದಿನ ಊಟದ ಬಿಡುವಿನಲ್ಲಿ, ಆಫೀಸಿನ ನನ್ನ ಮೇಜಿನ ಮೇಲಿದ್ದ ರಬ್ಬರಿನಿಂದ, ಆ ಮೂರು ಸಾಲನ್ನೂ ಅದರ ಕೆಳಗಿನ ‘ಈ’ಯನ್ನೂ ಅಳಿಸಿದೆ. ನನ್ನ ನೌಕರಿ ಏನೆಂದು ಹೇಳಿಲ್ಲವಲ್ಲ? ನಾನು ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮಿನ ದೋಷಗಳನ್ನು ಹುಡುಕಿ, ಒಂದೂ ಬಿಡದೆ ಪಟ್ಟಿ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು.

ಮರುದಿನ ಕ್ಯಾಂಟೀನಿನಲ್ಲಿ ಸದಾನಂದನಿಗೆ ಪುಸ್ತಕ ತೋರಿಸಿದೆ. ಅವನು ಕೈ ಒರೆಸಿಕೊಂಡು, ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ. ಚಿಕ್ಕವನಿದ್ದಾಗ ಅವನ ಅಕ್ಕ ಈ ಕತೆಗಳನ್ನು ಓದಿ ಹೇಳುತ್ತಿದ್ದಳಂತೆ.

“ಅಬ್ಬ! ಇಷ್ಟು ಹಳೇದು ಅಂತ ಹೇಳ್ಲಿಕ್ಕೇ ಆಗುದಿಲ್ಲ ಮಾರಾಯ್ರೆ. ಹೀಗೇ ಸಿಕ್ಕಿತಾ ನಿಮಗೆ?”

“ಕೋಠಿಯೊಳಗ ರದ್ದಿ ಗಂಟಿನ್ಯಾಗ ಸಿಕ್ತು ರೀ.”

ನನ್ನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಗಮನಿಸಿ. ಅವನು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು, ಅಷ್ಟೇ. ಅವನು ನಾನು ಕೇಳಿದ ಬೆಲೆಗೇ ಕೊಂಡ. ಆ ಹಣಕ್ಕಿಂತ, ಹೊಚ್ಚ ಹೊಸದರಂತಿರುವ ಮೊದಲ ಸಂಚಿಕೆಯನ್ನು ಹುಡುಕಿ ತಂದವಳು ಎಂದು ಅವನು ಹೊಗಳಿದ್ದು ನನಗೆ ಹೆಚ್ಚು ರುಚಿಸಿತು. ಗುಂಪಿನಲ್ಲಿ ಮಾತ್ರ ಈ ಸುದ್ದಿಯನ್ನು ನಾವಿಬ್ಬರೂ ಎತ್ತಲಿಲ್ಲ.

ಕೆಲವು ತಿಂಗಳು ಕಳೆದವು. ಜೋಶಿ ಸರ್ ಹತ್ತಿರ ದೇವಕಿಯ ಉಳಿದ ಸಂಚಿಕೆಗಳ ಇಡೀ ಕಟ್ಟು ಇತ್ತು. ಅಕ್ಕನಿಗೆ ಅವೆಲ್ಲವನ್ನೂ ಒಟ್ಟಿಗೆ ಕೊಡಬೇಕೆಂದು ಸದಾನಂದನಿಗೆ ಆಸೆ. ಮೊದಲ ಸಂಚಿಕೆಯನ್ನು ಕೊಟ್ಟು ಆ ಕಟ್ಟನ್ನು ತೆಗೆದುಕೊಂಡ. ಮುಂದಿನ ಭಾನುವಾರ ಇರಾನಿ ಹೋಟೆಲಿಗೆ ಬಂದ ಜೋಶಿ ಸರ್ ಕೂರಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಭೂತಗನ್ನಡಿ ಇಟ್ಟರು.

“ಸದಾನಂದ, ಇದೇನ್ರಿ ಇದು? ಈ ಮೂಲಿ ಹೊಸಾದು. ಬೆಳಕಿಗೆ ಹಿಡದ್ರ ಜೋಡಸಿದ್ದು ಕಾಣಸ್ತದ. ಈ ಕೆಂಪು ಛಾಪಿಸಿದ್ದಲ್ಲ, ಕುಂಚದ್ಲೆ ಹಚ್ಚಿದ್ದು. ಗೊತ್ತಿದ್ದೂ ಕೊಟ್ರೇನು?”

“ನನಗೆ ಗೊತ್ತಿರ್ಲಿಲ್ಲ ಸರ್.”

“ಹಂಗಾದ್ರ ನಿಮಗ ಯಾರು ಕೊಟ್ರು, ಹೇಳ್ರಿ.”

ಸದಾನಂದ ಮೇಜನ್ನೇ ನೋಡುತ್ತಿದ್ದ. “ಅದು ಬೇಡ ಸರ್. ನಿಮಗೆ ಕೊಟ್ಟದ್ದು ನಾನು. ನಿಮ್ಮ ಕಟ್ಟು ವಾಪಸು ತಂದು ಕೊಡ್ತೇನೆ.”

ಯಾರೋ ನಕ್ಕರು. ಯಾರೋ, “ಸಾಫ್ಟ್‌ವೇರ್ ಮಂದಿ ಭಾಳ ಶಾಣ್ಯಾ ಇರ್ತಾರ” ಎಂದರು. ನನ್ನ ಕೈಯಲ್ಲಿದ್ದ ಉಸ್ಮಾನಿಯಾ ಬಿಸ್ಕೀಟು ಚಹಾದಲ್ಲಿ ಮುರಿದು ಬಿತ್ತು. ನಾನು ಚಮಚದಿಂದ ಅದನ್ನು ಹುಡುಕುತ್ತ ಕೂತೆ. ಅಂದು ಆ ಹೋಟೆಲಿನಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಬಸ್ ಸ್ಟಾಪಿನಲ್ಲಿ ಸದಾನಂದ ನನ್ನ ಪಕ್ಕಕ್ಕೆ ಬಂದು ನಿಂತ. ಅವನ ಕಿವಿಗಳು ಇನ್ನೂ ಕೆಂಪಗಿದ್ದವು.

“ನಿಮಗೂ ಯಾರೋ ಟೋಪಿ ಹಾಕಿದ್ದು ಕಾಣ್ತದೆ. ಆ ರದ್ದಿಯವನ ಕೈಗೆ ಬರುವ ಮೊದಲೇ ಯಾರೋ ಮಾಡಿರ್ಬೇಕು. ಸುಮ್ಮನೆ ನಿಮ್ಮ ಹೆಸರು ಯಾಕೆ ಹಾಳು ಮಾಡುದು ಅಂತ ನಾನು ಹೇಳ್ಲಿಲ್ಲ.”

ಅವನು ನನ್ನನ್ನು ಬೈದಿದ್ದರೆ ನಾನು ವಾದಿಸುತ್ತಿದ್ದೆನೇನೋ. ವಾದದಲ್ಲಿ ನಾನು ಗಟ್ಟಿ. ಆದರೆ ಅವನು ನನ್ನನ್ನು ಸಮಾಧಾನಪಡಿಸುತ್ತಿದ್ದ.

“ಯಾರೂ ಟೋಪಿ ಹಾಕಿಲ್ಲ ರೀ,” ಎಂದೆ. “ನಾನ ಮಾಡಿಸಿದ್ದು. ಏನೇನ ಮಾಡೇನಿ ಅಂತ ಮಾಡಿದವರು ಹಿಂದಿನ ರಟ್ಟಿನ್ಯಾಗ ಬರದಿದ್ರು. ನಾನ ಅಳಿಸಿದೆ.”

“ಅಳಿಸಿದ್ದಾ? ನೀವಾ?” ಎಂದಷ್ಟೇ ಕೇಳಿದ. ಬಸ್ಸು ಬಂತು, ಹತ್ತಿ ಹೋದ. ಅದೇ ನನ್ನ ಬಸ್ಸೂ ಆಗಿತ್ತು. ನಾನು ಹತ್ತಲಿಲ್ಲ. ಅಲ್ಲಿಂದ ನೇರವಾಗಿ ಈರಭದ್ರಪ್ಪ ಕಾಕಾನ ಅಂಗಡಿಗೆ ನಡೆದೆ.

ಕಾಕಾ ಯಾವುದೋ ರಿಜಿಸ್ಟರನ್ನು ದಾರದಿಂದ ಹೊಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಗದರುತ್ತಾರೆ ಎಂದುಕೊಂಡಿದ್ದೆ. ಅವರು ಸೂಜಿ ನಿಲ್ಲಿಸಿ ಕೇಳಿದರು:

“ನನ್ನ ಕೆಲಸ ಅಷ್ಟ ನಾಚಿಗಿ ಕೆಲಸ ಏನವ್ವಾ?”

ನಾನು ಆವರೆಗೆ ಮೋಸ ಹೋದವನು ಸದಾನಂದನೊಬ್ಬನೇ ಎಂದುಕೊಂಡಿದ್ದೆ. ಮೂರು ವಾರ ಉಸಿರು ಬಿಗಿಹಿಡಿದು, ಕಣ್ಣಿಗೆ ನೀರು ಬರಿಸಿಕೊಂಡು ಒಬ್ಬ ಮುದುಕ ಮಾಡಿದ ಕೆಲಸವನ್ನು ಮುಚ್ಚಿಡಬೇಕಾದ ಕಳಂಕವೆಂಬಂತೆ ಒರೆಸಿಹಾಕಿದ್ದೆ. ರಬ್ಬರಿನ ಪುಡಿಯ ಜೊತೆ ಊದಿಬಿಟ್ಟದ್ದು ಅವರ ಸಹಿಯನ್ನು. ಅಲ್ಲಿಯೇ, ಕಾಗದದ ಚೂರುಗಳ ನಡುವೆ ನಿಂತು ಅತ್ತೆ. ಕಾಕಾ ಹೊಲಿಗೆ ಮುಗಿಸಿದರು. ಆಮೇಲೆ ಅಂದರು: “ಅಳೂದು ಸಾಕು. ಐತ್ವಾರ ಎಲ್ಲಿ ಕೂಡ್ತೀರಿ? ನಾನೂ ಬರ್ತೀನಿ.”

ಭಾನುವಾರ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಸದಾನಂದನೂ ಬಂದಿದ್ದ, ಜೋಶಿ ಸರ್ ಅವರ ಕಟ್ಟನ್ನು ಹಿಂತಿರುಗಿಸಲು. ನಾನು ನಿಂತುಕೊಂಡು ಹೇಳಿದೆ. ಏನನ್ನೂ ಬಿಡಲಿಲ್ಲ. ಮಾಡಿಸಿದ್ದು ಹೇಳಿದೆ, ಅಳಿಸಿದ್ದು ಹೇಳಿದೆ, ಹಿಂದಿನ ಭಾನುವಾರ ಬಿಸ್ಕೀಟು ಹುಡುಕುತ್ತ ಕೂತಿದ್ದನ್ನೂ ಹೇಳಿದೆ. ಜೋಶಿ ಸರ್ ಎದ್ದು ಸದಾನಂದನ ಎದುರು ನಿಂತರು. “ತಪ್ಪಾತು ರೀ. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ಕ್ಷಮಾ ಕೇಳ್ತೀನಿ” ಎಂದರು. ಆಮೇಲೆ ಕಾಕಾನ ಕಡೆ ತಿರುಗಿ, ಭೂತಗನ್ನಡಿಯನ್ನು ಮೂಲೆಯ ಮೇಲೆ ಹಿಡಿದು, “ಇದನ್ನ ಹ್ಯಾಂಗ ಕೂಡಿಸಿದ್ರಿ ಮಾರಾಯ್ರ?” ಎಂದು ಕೇಳಿದರು. ಅರ್ಧ ಗಂಟೆ ಎಲ್ಲರೂ ಕಾಕಾನ ಸುತ್ತ ಮುಗಿಬಿದ್ದಿದ್ದರು. ಕಾಕಾ ಜೋಶಿ ಸರ್ ಅವರಿಂದ ಪೆನ್ಸಿಲು ಇಸಿದುಕೊಂಡು ಮೂರೂ ಸಾಲನ್ನು, ಕೆಳಗೆ ‘ಈ’ಯನ್ನೂ, ಅದೇ ಜಾಗದಲ್ಲಿ ಮತ್ತೆ ಬರೆದರು.

ಸದಾನಂದನಿಗೆ ಅವನ ಹಣ ಕೊಟ್ಟು ಪುಸ್ತಕವನ್ನು ವಾಪಸು ಪಡೆದೆ. ಅವನು ನನ್ನೊಡನೆ ಹೆಚ್ಚುಕಡಿಮೆ ಒಂದು ವರ್ಷ ಮಾತಾಡಲಿಲ್ಲ. ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದ. ಗುಂಪಿನಲ್ಲೂ ನನ್ನಿಂದ ಕೊಳ್ಳುವವರು ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೋಡಲಿ ಎಂದು ನಾನೇ ಕಿಟಕಿಯ ಪಕ್ಕ ಕೂರತೊಡಗಿದೆ. ಕೊನೆಗೊಂದು ದಿನ ಸದಾನಂದ ನನ್ನ ಮೇಜಿನ ಹತ್ತಿರ ಬಂದ.

“ಆ ದೇವಕಿ ಇನ್ನೂ ಉಂಟಾ ನಿಮ್ಮಲ್ಲಿ?”

“ಐತಿ ರೀ.”

“ಅಕ್ಕನಿಗೆ ಬೇಕಂತೆ. ಅದರಲ್ಲಿ ಏನು ಹಳೇದು, ಏನು ಹೊಸತು ಅಂತ ಈಗ ಗೊತ್ತುಂಟಲ್ಲ. ಅದಕ್ಕೆ ತಕ್ಕ ರೇಟು ಹೇಳಿ.”

ಹೇಳಿದೆ. ಅವನು ಚೌಕಾಶಿ ಮಾಡಿ ಅದಕ್ಕಿಂತ ಸ್ವಲ್ಪ ಕಡಿಮೆಗೇ ಕೊಂಡ. ಆ ಚೌಕಾಶಿ ನನಗೆ ಎಷ್ಟು ಹಿತವಾಗಿತ್ತೆಂದರೆ, ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಎಂದು ನಾನು ಬೇಕಂತಲೇ ಹಟ ಹಿಡಿದೆ.

ಕಾಕಾ ಈಗಿಲ್ಲ. ನಾನು ನೌಕರಿ ಬಿಟ್ಟು ಪೂರ್ತಿಯಾಗಿ ಹಳೆಯ ಪುಸ್ತಕದ ವ್ಯಾಪಾರಕ್ಕೇ ಇಳಿದು ಬಹಳ ವರ್ಷವಾಯಿತು. ಇವತ್ತು ಬೆಳಿಗ್ಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕಲಬುರಗಿಯ ಹುಡುಗನೊಬ್ಬ ಫೋನು ಮಾಡಿ, ಒಂದು ಹಳೆಯ ದೀಪಾವಳಿ ಸಂಚಿಕೆ ಕೇಳಿದ. ನಾನು ಶುರುಮಾಡಿದೆ. ಪಿನ್ನು ಬದಲಾಯಿಸಿದ್ದು, ಬೆನ್ನಿಗೆ ತೇಪೆ ಹಚ್ಚಿದ್ದು, ಎರಡನೆಯ ಪುಟದಲ್ಲಿ ಯಾವುದೋ ಮಗು ರಾಜನಿಗೆ ಕನ್ನಡಕ ಬರೆದದ್ದು.

“ಮೇಡಮ್, ನೀವು ಮಾರಾಕತ್ತೀರೋ, ಬ್ಯಾಡ ಅನ್ನಾಕತ್ತೀರೋ?” ಎಂದು ನಕ್ಕ.

“ಫೋಟೋ ಕಳಸ್ತೀನಿ, ನೋಡಿ ಹೇಳ್ರಿ.”

“ಫೋಟೋ ಯಾಕ್ರಿ? ನೀವು ಹೇಳಿದ್ರಲ್ಲ, ಸಾಕು.”

ಫೋನು ಇಟ್ಟು ಎದ್ದು, ಆ ಸಂಚಿಕೆಯನ್ನು ಕಿಟಕಿಯ ಹತ್ತಿರ ಒಯ್ದು ಮೊದಲ ಪುಟದಿಂದ ಒಂದೊಂದೇ ಹಾಳೆ ತಿರುವಿದೆ. ಹನ್ನೊಂದನೆಯ ಪುಟದ ಕೆಳಗೆ, ಎಳ್ಳುಕಾಳಿನಷ್ಟು, ನಾನು ಹೇಳದೆ ಬಿಟ್ಟಿದ್ದ ಒಂದು ಹರಕು ಕಂಡಿತು. ಅದೇ ನಂಬರಿಗೆ ಮತ್ತೆ ಫೋನು ಮಾಡಿದೆ.