ಮುಸಾಂಡಕ್ಕೆ ಬಂದ ಮಂದೆ

ಬೆಳಗ್ಗೆ ಎದ್ದವನೇ ಕನ್ನಡಕ ಹುಡುಕುವ ಮೊದಲು ಅಂಗಳಕ್ಕೆ ಹೋಗಿ ಮುಸಾಂಡ ಗಿಡದ ತುದಿ ನೋಡುವುದು ನನ್ನ ನಿತ್ಯಕರ್ಮವಾಗಿತ್ತು. ಕನ್ನಡಕವಿಲ್ಲದ ಕಣ್ಣಿಗೆ ಹಣ್ಣೆಲೆಯೂ ಹೂವಾಗಿ ಕಾಣುವುದರಿಂದ, ದಿನಕ್ಕೆ ಅರ್ಧ ನಿಮಿಷವಾದರೂ ನಾನು ಸಫಲ ತೋಟಗಾರನಾಗಿರುತ್ತಿದ್ದೆ. ಈ ಅಲಂಕಾರದ ಗಿಡವನ್ನು ಶಿಕಾರಿಪುರದ ನರ್ಸರಿಯೊಂದರಲ್ಲಿ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಆನವಟ್ಟಿಗೆ ತಂದವನು ನಾನೇ. ಆಗ ಅದರ ಮೈತುಂಬ ಗುಲಾಬಿ ಹೂವಿತ್ತೆಂದು ನನ್ನ ನೆನಪು ಹೇಳುತ್ತದೆ. ‘ಎರಡೇ ಗೊಂಚಲು, ಒಂದು ಬಸ್ಸಿನಲ್ಲೇ ಉದುರಿತು’ ಎನ್ನುತ್ತದೆ ದಿನಚರಿ. ನಮ್ಮಿಬ್ಬರಲ್ಲಿ ದಿನಚರಿಯೇ ಪ್ರಾಮಾಣಿಕ.

ಮುಂದಿನ ಮೂರು ವರ್ಷ ಗಿಡ ಛಾವಣಿಯತ್ತ ಕತ್ತು ಚಾಚಿತೇ ಹೊರತು ಹೂವಿನ ಸುದ್ದಿ ಎತ್ತಲಿಲ್ಲ. ಹಳೆಯ ಟೊಂಗೆ ಕತ್ತರಿಸಿದರೆ ಹೊಸ ಚಿಗುರು, ಚಿಗುರಿನ ತುದಿಯಲ್ಲೇ ಹೂವು ಎಂದು ನಾನು ಓದಿದ್ದೆ, ಪೆನ್ಸಿಲಿನಲ್ಲಿ ಅಡಿಗೆರೆಯನ್ನೂ ಎಳೆದಿದ್ದೆ. ಆದರೆ ಕತ್ತರಿ ಹಿಡಿದು ನಿಂತರೆ, ಪ್ರತಿ ಟೊಂಗೆಯೂ ‘ನಾಳೆಯೇ ಹೂ ಬಿಡುವವನಿದ್ದೆ’ ಎಂಬಂತೆ ನನ್ನತ್ತ ನೋಡಿ ದಾಕ್ಷಿಣ್ಯಕ್ಕೆ ಸಿಲುಕಿಸುತ್ತಿತ್ತು. ಮೇಲಾಗಿ, ಮನೆಗೆ ಬಂದವರಿಗೆಲ್ಲ ‘ಮುಸಾಂಡದಲ್ಲಿ ಚೆಂದ ಕಾಣುವುದು ಹೂವೇ ಅಲ್ಲ, ಬಣ್ಣ ಬಂದ ಎಲೆಯಂಥದ್ದು’ ಎಂದು ಪಾಠ ಹೇಳುವ ಸುಖವಿತ್ತಲ್ಲ, ಅದಕ್ಕೆ ಹೂವಿನ ಅಗತ್ಯವೇನೂ ಇರಲಿಲ್ಲ.

ಕೊನೆಗೆ ಮನೆಯಾಕೆ ಗಿರಿಜಾ ಗಡುವು ಹಾಕಿದಳು. “ರೀ, ಮಳೆ ಹಿಡಿಯೋದ್ರೊಳಗೆ ಇದು ಹೂ ಬಿಟ್ರೆ ಸೈ. ಇಲ್ಲಾಂದ್ರೆ ಕಿತ್ತು ಕರಿಬೇವು ಇಡೋದೇ. ಒಗ್ಗರಣೆಗಾದ್ರೂ ಆಗುತ್ತೆ.”

ಆಗ ಕೊಯ್ಲು ಮುಗಿದು, ಪಕ್ಕದ ಗದ್ದೆಯಲ್ಲಿ ಕುರಿಗಾಹಿ ಬೀರಪ್ಪನ ಮಂದೆ ಬೀಡುಬಿಟ್ಟಿತ್ತು. ಗಿಡಕ್ಕೆ ಪುಷ್ಟಿಯಾಗಲೆಂದು ನಾನು ಹೋಗಿ, “ನಮಗೂ ಚೂರು ಕುರಿಗೊಬ್ಬರ ಬೇಕಲ್ಲಪ್ಪ” ಎಂದೆ.

“ಅದಕ್ಕೇನ್ರೀ ಸರ. ಎಷ್ಟು ಜಾಗ ಐತಿ?”

ಬುಟ್ಟಿ ಸುರಿಯಲು ಕೇಳುತ್ತಿದ್ದಾನೆಂದು ತಿಳಿದು, “ಇಡೀ ಅಂಗಳ ಇದೆ” ಎಂದು ಔದಾರ್ಯ ಮೆರೆದೆ.

ಮರುದಿನ ಮಧ್ಯಾಹ್ನ ಶಿಕಾರಿಪುರದಿಂದ ಮರಳಿದಾಗ ಗೇಟು ತೆರೆದಿತ್ತು. ಒಳಗೆ ಅಂಗಳವೇ ಇರಲಿಲ್ಲ, ಬರೀ ಉಣ್ಣೆ! ಮಂದೆಯ ಜೊತೆಗಿದ್ದ ಎರಡು ಆಡುಗಳು ಹಿಂಗಾಲ ಮೇಲೆ ನಿಂತು ನನ್ನ ಮುಸಾಂಡವನ್ನು ಪಂಕ್ತಿಭೋಜನದ ಶ್ರದ್ಧೆಯಿಂದ ಮುಗಿಸುತ್ತಿದ್ದವು. “ಗಿಡ! ಗಿಡ!” ಎಂಬುದಷ್ಟೇ ನನ್ನ ಬಾಯಿಂದ ಬಂದದ್ದು. ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಬೀರಪ್ಪ ನಿಧಾನವಾಗಿ ಎದ್ದ.

“ಗೊಬ್ಬರ ಬೇಕಂದ್ರಲ್ರೀ ಸರ? ನಾವು ಹೊತ್ತು ತರೋದಿಲ್ರಿ, ಅವೇ ನಡ್ಕೊಂಡು ಬಂದು ಹಾಕಿ ಹೋಗ್ತಾವು.”

ಊರಿನ ಪ್ರತಿ ರೈತನಿಗೂ ಗೊತ್ತಿರುವ ಈ ಪದ್ಧತಿ ನನ್ನ ಎಂ.ಎ.ಯ ಕಣ್ಣಿಗೆ ಬಿದ್ದಿರಲಿಲ್ಲ. ಉಳಿದಿದ್ದು ಮೊಳಕಾಲೆತ್ತರದ ನಾಲ್ಕು ಕಡ್ಡಿ. ಗಿರಿಜಾ ನಕ್ಕ ರಭಸಕ್ಕೆ ಚೊಂಬಿನ ಮಜ್ಜಿಗೆ ತುಳುಕಿತು. “ಮೂರು ವರ್ಷ ನಿಮ್ಮ ಕೈಲಾಗದ್ದನ್ನ ಮೂರು ನಿಮಿಷದಲ್ಲಿ ಮುಗಿಸಿದ್ವು ನೋಡ್ರಿ!”

ಬೇಸಿಗೆ ಏರಿದಂತೆ ಆ ಕಡ್ಡಿಗಳಿಗೆ ಹುಚ್ಚು ಹಿಡಿಯಿತು. ಕಣ್ಣುಕಣ್ಣಿಗೂ ಚಿಗುರು, ಚಿಗುರುಚಿಗುರಿಗೂ ಗುಲಾಬಿ ಗೊಂಚಲು! ಮೊದಲ ಮೋಡ ಕಟ್ಟಿದ ದಿನ ನಾನು ವಿಜಯಿಯಂತೆ ಗಿರಿಜಾಳನ್ನು ಕರೆದೆ. ಅವಳು ಸೊಂಟದ ಮೇಲೆ ಕೈಯಿಟ್ಟು, “ಇದು ಹೂವಲ್ಲ, ಎಲೆ ಅಂತ ನೀವೇ ಪಾಠ ಮಾಡ್ತಿದ್ರಿ. ಹಂಗಾದ್ರೆ ಗಿಡ ಸೋತ ಹಂಗೇ” ಎಂದಳು. ಆಮೇಲೆ ಅವಳೇ ಬಗ್ಗಿ, ಗುಲಾಬಿ ಮುಸುಕನ್ನು ಸರಿಸಿ, ನಡುವೆ ಅಡಗಿದ್ದ ಪುಟ್ಟ ಹಳದಿ ನಕ್ಷತ್ರವೊಂದನ್ನು ಹುಡುಕಿದಳು. “ಇಲ್ಲಿದೆ ನೋಡ್ರಿ, ನಿಜವಾದ್ದು. ಬದುಕ್ಕೊಂಡ್ತು.” ಕರಿಬೇವು ಹಿತ್ತಿಲಿಗೆ ಹೋಯಿತು.

ಈಗ ಗಿಡ ನೋಡಿ ಬೆರಗಾದವರಿಗೆ ‘ನಾನೇ ಧೈರ್ಯ ಮಾಡಿ ಸವರಿದೆ’ ಎನ್ನುತ್ತಿದ್ದೇನೆಂದೂ, ಹಾಗೆನ್ನುವಾಗ ಕತ್ತರಿಯ ಸದ್ದು ಕೂಡ ನೆನಪಾಗುತ್ತದೆಂದೂ ಒಪ್ಪಿಕೊಳ್ಳಬೇಕು. ದಿನಚರಿಯ ಆ ಪುಟದಲ್ಲಿರುವುದು ಎರಡೇ ಪದ: ‘ಆಡು ತಿಂದವು.’ ನನ್ನ ನೆನಪೂ ಮುಸಾಂಡದ ಜಾತಿಯದೇ ಇರಬೇಕು, ಇಷ್ಟೇ ಇಷ್ಟು ನಿಜದ ಸುತ್ತ ಅಂಗೈಯಗಲದ ಬಣ್ಣ.

ಹಾಗಾಗಿ ಈಚೆಗೆ ಬೆಳಗ್ಗೆ ಅಂಗಳಕ್ಕೆ ಎರಡು ಸಲ ಹೋಗುತ್ತೇನೆ: ಮೊದಲು ಕನ್ನಡಕವಿಲ್ಲದೆ, ಖುಷಿಗೆ, ಆಮೇಲೆ ಕನ್ನಡಕ ಹಾಕಿಕೊಂಡು, ನಕ್ಷತ್ರಕ್ಕೆ. ಎರಡನೆಯ ಸಲ ಗೇಟು ಹಾಕಿದೆಯೇ ಎಂದೂ ನೋಡುತ್ತೇನೆ. ಈ ಸಲದ ಕೊಯ್ಲು ಮುಗಿದು ಬೀರಪ್ಪನ ಮಂದೆ ಬಂದಾಗ ಮಾತ್ರ ನಾನೇ ತೆರೆದಿಡುವವನಿದ್ದೇನೆ.