ಕೆಂಪು ಪೆನ್ಸಿಲಿಗೆ ಸಿಕ್ಕಿಬಿದ್ದ ಮಾತ್ರೆ

“ರೀಕನ್ಸಿಲಿಯೇಷನ್ ಮುಗಿಯದೆ ಡಿಸ್ಚಾರ್ಜ್ ಇಲ್ಲ, ಸಾರೇ.” ಉಳ್ಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಹೀಗೆಂದಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೊಚ್ಚಿಯ ಬ್ಯಾಂಕಿನಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಅದೊಂದನ್ನೇ: ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟು ತಾಳೆ ನೋಡುವುದು. ಇಲ್ಲಿ ಒಂದು ಪಟ್ಟಿ ನನ್ನ ಹೆಂಡತಿ ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳದ್ದು, ಇನ್ನೊಂದು ಆಸ್ಪತ್ರೆಯವರು ಹೊಸದಾಗಿ ಬರೆದದ್ದು.

ಜೇಬಿನಿಂದ ಕೆಂಪು ಪೆನ್ಸಿಲ್ ಹೊರಬಂತು. ನಮ್ಮ ಬ್ಯಾಂಕಿನ ಸಂಪ್ರದಾಯದಂತೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ಪೊಟ್ಟಣದ ಮೇಲಿನ ದೊಡ್ಡಕ್ಷರ ಬೇಡ, ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನೇ ಓದಿ ಎಂದೆ. ನರ್ಸ್ ನಗುತ್ತ ಓದತೊಡಗಿದರು.

“ರೀ, ಇದು ನಿಮ್ಮ ಬ್ಯಾಂಕಲ್ಲ. ಮಾನ ಕಳೀಬೇಡಿ,” ಎಂದಳು ಮಂಚದ ಮೇಲಿದ್ದ ಹೆಂಡತಿ.

ಆರನೆಯ ಸಾಲಿನಲ್ಲಿ ಪೆನ್ಸಿಲ್ ನಿಂತಿತು. ಕಂಪನಿ ಬೇರೆ, ಹೆಸರು ಬೇರೆ, ಒಳಗಿದ್ದದ್ದು ಮಾತ್ರ ಅವಳು ಮನೆಯಲ್ಲಿ ನುಂಗುತ್ತಿದ್ದ ಅದೇ ಬಿ.ಪಿ. ಔಷಧಿ! ಎರಡನ್ನೂ ನುಂಗಿದ್ದರೆ ಬಿ.ಪಿ. ತೀರಾ ಇಳಿದು ತಲೆಸುತ್ತಿ ಬೀಳುತ್ತಿದ್ದರು ಎನ್ನುತ್ತ, ನರ್ಸ್ ಕರೆತಂದ ಡಾಕ್ಟರು ಒಂದನ್ನು ಹೊಡೆದುಹಾಕಿದರು.

“ಅಡಿಪೊಳಿ, ಸಾರೇ!” ಭರ್ಜರಿ ಕೆಲಸ ಎಂದು ನರ್ಸ್ ಮಲಯಾಳದಲ್ಲಿ ಇಡೀ ವಾರ್ಡಿಗೆ ಕೇಳುವಂತೆ ಘೋಷಿಸಿದರು. ನಿವೃತ್ತಿಯ ದಿನ ಹೊದಿಸಿದ ಶಾಲಿಗೂ ಅಷ್ಟು ತೂಕವಿರಲಿಲ್ಲ.

ಆ ಪೆನ್ಸಿಲ್ ಈಗ ನಮ್ಮ ಮನೆಯ ಔಷಧಿ ಡಬ್ಬಿಯಲ್ಲಿದೆ. ಅದನ್ನು ಚೂಪು ಮಾಡಿ ಅಲ್ಲಿಟ್ಟವಳು ನನ್ನ ಹೆಂಡತಿ.