ಶಾಂತಮ್ಮ ತಿಕ್ಕಿದ ಬಾಟಲಿ

ಐವತ್ತೆರಡನೆಯ ವಯಸ್ಸಿನಲ್ಲಿ ವಿಷವಿಶ್ಲೇಷಣೆಯ ಎಂ.ಎಸ್ಸಿ.ಗೆ ಸೇರಿದ ನನ್ನನ್ನು ಸಹಪಾಠಿಗಳು ‘ಮೇಡಂ’ ಎನ್ನುತ್ತಾರೆ. ಊಟಕ್ಕೆ ಮಾತ್ರ ಕರೆಯುವುದಿಲ್ಲ. ಲ್ಯಾಬಿನ ಬಾಟಲಿಗಳಿಗೆ ಅವರು ಅಂಟಿಸುವ ಲೇಬಲ್‌ಗಳ ತಪ್ಪು ತಿದ್ದುವುದು ನನ್ನ ಅಭ್ಯಾಸ, ಕಾನ್ವೆಂಟಿನಲ್ಲಿ ಕಲಿತದ್ದು.

ಗದ್ದೆಗೆ ಹೊಡೆಯುವ ಔಷಧಿ ಕುಡಿಯುವ ನೀರಿಗೆ ಇಳಿದಿದೆಯೇ ಎಂದು ಪರೀಕ್ಷಿಸಲು ಹೊಸಪೇಟೆಯಿಂದ ಕಂಪ್ಲಿ ಕಡೆಗೆ ಹೋಗಿದ್ದೆ. ಒಂದು ಮನೆಯಲ್ಲಿ, ಲ್ಯಾಬಿನಲ್ಲಿ ಶುದ್ಧಗೊಳಿಸಿದ ಗಾಜಿನ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಫಾರಂ ತುಂಬುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಮನೆಯೊಡತಿ ಶಾಂತಮ್ಮ ಅದನ್ನು ಸೋಪಿನ ಪುಡಿ ಹಾಕಿ ತಿಕ್ಕಿ, ಬೋರಿನ ನೀರು ತುಂಬಿ ಹಿಡಿದುಕೊಂಡಿದ್ದರು.

“ಏನೋ ವಾಸನಿ ಬರ್ತಿತ್ರಿ ಮೇಡಂ. ಚಂದಾಗಿ ತಿಕ್ಕೀನಿ.”

“ಸೋಪು ತಾಗಿದರೆ ಪರೀಕ್ಷೆ ಕೆಡುತ್ತದೆ,” ಎಂದೆ ಬಿಗಿಯಾಗಿ.

“ನೀವು ತೊಳದ್ರ ಸ್ವಚ್ಛ, ನಾ ತೊಳದ್ರ ಹೊಲಸೇನ್ರಿ?” ಎಂದು ನಕ್ಕರು. “ಇರ್ಲಿ, ಸೋಮವಾರ ಮತ್ತ ಬರ್ರಿ. ಈಗ ಕುಂದ್ರಿ, ಊಟ ಆಗೈತೇನು?”

ಹಾಗೆ ಯಾರಾದರೂ ಕೇಳಿ ತಿಂಗಳುಗಳೇ ಆಗಿದ್ದವು. ರೊಟ್ಟಿ, ಪುಂಡಿಪಲ್ಯ ಉಂಡೆ. ಬ್ಯಾಗಿನಲ್ಲಿ ಇನ್ನೊಂದು ಶುದ್ಧ ಬಾಟಲಿ ಇತ್ತು. ತುಂಬಿಕೊಂಡಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು. ತೆಗೆಯಲಿಲ್ಲ.

“ಬೇರೆ ಬಾಟಲಿ ಇರಲಿಲ್ಲ. ಸೋಮವಾರ ಮತ್ತೆ ಹೋಗುವುದು ಅನಿವಾರ್ಯ,” ಎಂದು ಲ್ಯಾಬಿನ ಪುಸ್ತಕದಲ್ಲಿ ಬರೆದೆ. ಆ ಪುಸ್ತಕದಲ್ಲಿ ನಾನು ಬರೆದ ಒಂದೇ ಸುಳ್ಳು ಅದು. ಅಕ್ಷರಗಳು ಮಾತ್ರ ಎಂದಿನಂತೆ ದುಂಡಗಿವೆ.